ಬಂದ್ಯೋಡಿನ ಕೊನೆಯ ಗೊನೆ

ಸಸ್ಯ ತಳಿಶಾಸ್ತ್ರವನ್ನು ನಾನು ಯಾರಿಗೆ ಬೇಕಾದರೂ ಅರ್ಥಮಾಡಿಸಬಲ್ಲೆ ಎಂದು ಮೂವತ್ತು ವರ್ಷ ನಂಬಿದ್ದೆ. ತೆಂಗಿನ ಹೊಸ ತಳಿ ಬೆಳೆಸುವುದು ನನ್ನ ವೃತ್ತಿ. ಶಾಲೆಶಾಲೆಗೆ ಹೋಗಿ ಅದರ ಬಗ್ಗೆ ಭಾಷಣ ಮಾಡುವುದು ಚಟ. ಮಕ್ಕಳು ಆಕಳಿಸಿದರೂ ಅದನ್ನು ಕುತೂಹಲವೆಂದೇ ಲೆಕ್ಕ ಹಿಡಿಯುತ್ತಿದ್ದೆ.

ಬಂದ್ಯೋಡು ಎಂಬ ಊರಿನ ಐತಪ್ಪಣ್ಣನವರ ಹಿತ್ತಿಲಲ್ಲಿ ಒಂದು ತೆಂಗಿನ ಮರವಿತ್ತು. ಸುತ್ತಲಿನ ಮರಗಳೆಲ್ಲ ರೋಗ ಬಂದು ಹಳದಿಯಾದರೂ ಅದಕ್ಕೆ ಏನೂ ಆಗಿರಲಿಲ್ಲ. ಆ ಗುಣ ಮುಂದಿನ ಸಸಿಗಳಿಗೆ ಇಳಿದರೆ ಎಷ್ಟೋ ಜನರ ತೋಟ ಉಳಿಯುತ್ತಿತ್ತು. ಆದರೆ ಮರ ನಿಂತದ್ದು ಹೆದ್ದಾರಿ ಅಗಲವಾಗುವ ಜಾಗದಲ್ಲಿ! ಕಚೇರಿಗಳಿಗೆ ಅಲೆದು, ಒಂದು ಗೊನೆ ಬಲಿಯುವವರೆಗೆ ಕಡಿಯುವುದಿಲ್ಲ ಎಂದು ಒಪ್ಪಿಸಿದೆ. ಒಂದೇ ಗೊನೆ. ಒಂದೇ ಅವಕಾಶ.

ಹೊಂಬಾಳೆಯ ಗಂಡು ಹೂ ತೆಗೆಸಿ, ಬೇರೆ ಮರದ ಪರಾಗ ಹಾಕಿಸಿ, ಇನ್ಯಾವ ಪರಾಗವೂ ಸೇರದಂತೆ ಚೀಲ ಕಟ್ಟಿಸಿದ್ದಾಯಿತು. ಐತಪ್ಪಣ್ಣನವರನ್ನು ಕೂರಿಸಿ ಒಂದೂವರೆ ಗಂಟೆ ವಂಶವಾಹಿಗಳ ಮಹಿಮೆಯನ್ನು ವಿವರಿಸಿದೆ. ಅವರು ತಲೆಯಾಡಿಸಿದರು. ಕೊನೆಗೆ ಮರಕ್ಕೆ ಕೆಂಪು ಬಣ್ಣದ ಫಲಕ ಹಾಕಿಸಿದೆ: ‘ಇದು ಡಾ. ಸುಬ್ರಾಯರ ಗೊನೆ. ಯಾರೂ ಮುಟ್ಟಬಾರದು.’ ನನ್ನ ಹೆಸರು ಸ್ವಲ್ಪ ದೊಡ್ಡದಾಗಿಯೇ ಇತ್ತು.

ಪರಾಗ ಹಾಕಿಸಿದ ಏಳನೆಯ ತಿಂಗಳಲ್ಲಿ ಅಲ್ಲಿನ ಶಾಲೆಯಲ್ಲಿ ಭಾಷಣ ಮುಗಿಸಿ ಅವರ ಮನೆಗೆ ಹೋದೆ. ಗಂಟಲು ಒಣಗಿತ್ತು. ಐತಪ್ಪಣ್ಣ ಕೆತ್ತಿದ ಎಳನೀರಿನ ಬೊಂಡ ಕೈಗಿತ್ತರು. ಒಂದೇ ಉಸಿರಿಗೆ ಕುಡಿದೆ.

“ಆಹಾ, ಎಂಥ ಸಿಹಿ! ಯಾವ ಮರದ್ದು?”

“ಎಂತ ಡಾಕ್ಟ್ರೇ, ತಮಾಷೆಯಾ? ನಿಮ್ಮದೇ ಗೊನೆ! ಹೆಸರು ಬರೆದಿಟ್ಟಿದ್ದೀರಲ್ಲ. ಒಂದು ಕಾಗೆಗೂ ಕೂರಲು ಬಿಡ್ಲಿಲ್ಲ ಮಾರಾಯ್ರೇ. ಮೊಮ್ಮಗಳಿಗೆ ಜ್ವರ ಬಂದಾಗಲೂ ಕೀಳಿಸಲಿಲ್ಲ. ಇನ್ನೂ ಹತ್ತು ಉಂಟು, ಎಲ್ಲ ಕೀಳಿಸಿ ನಿಮ್ಮ ಜೀಪಿಗೆ ಹಾಕಿಸಿದ್ದೇನೆ.”

ಎಳೆಯ ಕಾಯಿ ಮೊಳೆಯುವುದಿಲ್ಲ. ವಂಶವಾಹಿಯ ವಿಷಯ ಎಲ್ಲ ಹೇಳಿದ್ದ ನಾನು, ಇದು ಬಿತ್ತನೆಗೆ ಎಂಬ ಒಂದು ಮಾತು ಹೇಳಿರಲಿಲ್ಲ! ಅವರ ಮುಖ ನೋಡಿದೆ. ಜ್ವರದ ಮಗುವಿಗೂ ಕೊಡದೆ ಕಾದವರಿಗೆ ಈಗ ಏನು ಹೇಳಲಿ? ಸಿಟ್ಟು ಬಂತು, ಅವರ ಮೇಲಲ್ಲ, ನನ್ನ ಮೇಲೆ.

“ಒಡೆದು ಕೊಡ್ಲಾ? ಒಳಗೆ ಒಳ್ಳೆ ತಿರುಳು ಉಂಟು.”

ಕೊಟ್ಟರು. ತಿಂದೆ. ಕಣ್ಣು ತುಂಬಿತು.

“ಅಷ್ಟು ರುಚಿಯಾ ಡಾಕ್ಟ್ರೇ?” ಎಂದರು ಸಂತೋಷದಿಂದ.

ಇನ್ನೊಂದು ಗೊನೆ ಬಲಿಯಲು ವರ್ಷ ಬೇಕು, ರಸ್ತೆಯವರು ಕಾಯಲಿಲ್ಲ. ಮರುತಿಂಗಳು ಮರ ಉರುಳಿತು. ನೋಡಲು ಹೋಗುವ ಮುಖ ನನಗಿರಲಿಲ್ಲ.

ವರದಿಯಲ್ಲಿ ‘ಗೊನೆ ನಷ್ಟವಾಗಲು ಕಾರಣ’ ಎಂಬ ಕಲಂ ಇತ್ತು. ಬಹಳ ಯೋಚಿಸಿ ‘ಪ್ರಾಣಿಯಿಂದ ಹಾನಿ’ ಎಂದು ಬರೆದು ಸಹಿ ಹಾಕಿದೆ. ನಡೆದದ್ದೆಲ್ಲ ಗೊತ್ತಿದ್ದ ಹೆಂಡತಿ ಶಾರದೆ ಹಿಂದಿನಿಂದ ಇಣುಕಿ ಓದಿದಳು.

“ನೀವೆಲ್ಲಿ ಸುಳ್ಳು ಬರೀತೀರೋ ಅಂತ ಹೆದರಿದ್ದೆ. ಪರವಾಗಿಲ್ಲ, ಸರಿಯಾಗಿಯೇ ಉಂಟು.”