ಆಪಾದಿತನ ಹಕ್ಕು ಮತ್ತು ಒಂದು ಹಿಡಿ ಅಕ್ಕಿ

ನನಗೆ ಅನುಮಾನ ಜಾಸ್ತಿ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಅಂಗಡಿಯವನು ನಗುನಗುತ್ತಾ ಸಾಮಾನು ಕಟ್ಟಿಕೊಟ್ಟರೆ ತೂಕದಲ್ಲಿ ಏನೋ ಇದೆ ಅನ್ನಿಸುತ್ತದೆ. ನಗದೆ ಕಟ್ಟಿಕೊಟ್ಟರೆ ಇದ್ದೇ ಇದೆ ಅನ್ನಿಸುತ್ತದೆ. ಬಸ್ಸಿನಲ್ಲಿ ಪಕ್ಕದವರು ನಿದ್ದೆ ಮಾಡಿದರೆ ನಾನು ಎಚ್ಚರವಾಗಿ ಕೂರುತ್ತೇನೆ, ಅವರು ನಿಜವಾಗಿ ನಿದ್ದೆ ಮಾಡುತ್ತಿದ್ದಾರೆಯೇ ಎಂದು ನೋಡಲು. ಬೇಲೂರಿಗೆ ಎಷ್ಟೋ ಸಲ ಹೋಗಿದ್ದೇನೆ. ಅಲ್ಲಿನ ಶಿಲಾಬಾಲಿಕೆಯರನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನನಗೆ ಮಾತ್ರ ನೆನಪಿರುವುದು ಹೊರಗೆ ಬಿಟ್ಟ ನನ್ನ ಚಪ್ಪಲಿ. ಕಳ್ಳನಿಗೆ ಜೊತೆ ಸಿಗಬಾರದೆಂದು ಒಂದನ್ನು ಒಂದು ಮೂಲೆಯಲ್ಲೂ ಇನ್ನೊಂದನ್ನು ಇನ್ನೊಂದು ಮೂಲೆಯಲ್ಲೂ ಬಿಡುವುದು ನನ್ನ ಪದ್ಧತಿ. ಒಮ್ಮೆ ಆ ಇನ್ನೊಂದು ಮೂಲೆ ಯಾವುದೆಂದೇ ಮರೆತುಹೋಗಿ, ಒಂಟಿ ಚಪ್ಪಲಿಯಲ್ಲಿ ಹಳೇಬೀಡಿನವರೆಗೂ ಕುಂಟಿಕೊಂಡು ಹೋಗಿದ್ದೆ. ದಾರಿಯುದ್ದಕ್ಕೂ ಚಪ್ಪಲಿ ಕಾಯುವ ಹೆಂಗಸಿನ ಮೇಲೆ ಅನುಮಾನಪಟ್ಟಿದ್ದೆ. ನಾನು ಚಪ್ಪಲಿಯನ್ನು ಅವಳ ಕೈಗೆ ಕೊಟ್ಟೇ ಇರಲಿಲ್ಲ ಎಂದು ಹೆಂಡತಿ ಗಿರಿಜ ನೆನಪಿಸಿದ್ದು ವಾಪಸು ಬರುವಾಗ.

ಇಂಥ ನನಗೆ ದೇವರು ಕರುಣಿಸಿರುವ ಕೆಲಸ ರಾಜ್ಯಶಾಸ್ತ್ರದ ಉಪನ್ಯಾಸಕನದು. ದಿನಾ ಗಂಡಸಿಯಿಂದ ಬಸ್ಸು ಹತ್ತಿ ಅರಸೀಕೆರೆಯ ಕಾಲೇಜೊಂದಕ್ಕೆ ಹೋಗಿ, ಅಪರಾಧ ಸಾಬೀತಾಗುವವರೆಗೆ ಆಪಾದಿತ ನಿರಪರಾಧಿ ಎಂದು ಪಾಠ ಹೇಳುತ್ತೇನೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ, ಹಿಡಿದವರು ಏಕೆ ಹಿಡಿದೆವೆಂದು ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷೆ ಕೊಡುವಂತಿಲ್ಲ. ಇದನ್ನೆಲ್ಲ ನಾನು ಹೇಳುವಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ಒಬ್ಬ ಹುಡುಗಿ ಒಮ್ಮೆ ಕೇಳಿದಳು: "ಸಾರ್, ಅವನೇ ಕಳ್ಳ ಅಂತ ನಮಗೆ ಗ್ಯಾರಂಟಿ ಗೊತ್ತಿದ್ರೂನಾ?" ನಾನು ಸೀಮೆಸುಣ್ಣವನ್ನು ಗಾಳಿಯಲ್ಲಿ ಆಡಿಸಿ, "ಗೊತ್ತಿರುವುದು ಬೇರೆ, ಸಾಬೀತಾಗುವುದು ಬೇರೆ" ಎಂದೆ. ಆ ಮಾತು ನನಗೇ ಎಷ್ಟು ಇಷ್ಟವಾಯಿತೆಂದರೆ ಅದನ್ನು ಬೋರ್ಡಿನ ಮೇಲೆ ಬರೆದು ಎರಡು ದಿನ ಅಳಿಸಲು ಬಿಡಲಿಲ್ಲ.

ಹೀಗಿರುವಾಗ ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ನಮ್ಮ ಮನೆಯ ಬೆಳ್ಳಿಯ ಕುಂಕುಮದ ಭರಣಿ ಕಾಣಲಿಲ್ಲ. ಅದು ನಮ್ಮ ಅವ್ವ ಹಗರೆಯ ತವರಿನಿಂದ ತಂದದ್ದು, ವರ್ಷಕ್ಕೊಮ್ಮೆ ಈ ಹಬ್ಬಕ್ಕೆ ಮಾತ್ರ ಹೊರಗೆ ತೆಗೆಯುವುದು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಮುಚ್ಚಳದ ಮೇಲೆ ಒಂದು ನವಿಲು. ಆ ನವಿಲಿನ ಕೊಕ್ಕನ್ನು ಚಿಕ್ಕಂದಿನಲ್ಲಿ ಮುರಿದವನು ನಾನೇ. ಗಿರಿಜ ಬೀರು ಹುಡುಕಿದಳು, ದೇವರ ಮನೆ ಹುಡುಕಿದಳು, ಹಿಟ್ಟಿನ ಡಬ್ಬವನ್ನೂ ಬಿಡಲಿಲ್ಲ. ನಾನು ಹುಡುಕಲಿಲ್ಲ. ನಾನು ಜಗುಲಿಯ ಮೇಲೆ ಕೂತು ಯೋಚಿಸಿದೆ. ಹುಡುಕುವವರು ವಸ್ತುವನ್ನು ಹುಡುಕುತ್ತಾರೆ, ನನ್ನಂಥವರು ಮನುಷ್ಯನನ್ನು ಹುಡುಕುತ್ತಾರೆ. ಕಾಫಿ ಆರುವಷ್ಟರಲ್ಲಿ ನನಗೆ ಮನುಷ್ಯ ಸಿಕ್ಕಿದ್ದ.

ಅವನು ಹನುಮಯ್ಯ. ನಮ್ಮ ಕಡೆಯ ತೋಟದ ಮನೆಗಳಲ್ಲಿ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ವರ್ಷದ ಹತ್ತಿರ ಹತ್ತಿರ ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕಾಯಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುವವರೆಗೂ ಆ ರಾಶಿಯನ್ನು ಯಾರೂ ಮುಟ್ಟುವುದಿಲ್ಲ. ಏರಿಸುವುದು, ಇಳಿಸುವುದು, ಸುಲಿಯುವುದು ಹನುಮಯ್ಯನ ಕೆಲಸ. ಕಾಯನ್ನು ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿ, "ಇದಿನ್ನೂ ಹದಿನೈದು ದಿನ ಇರ್ಲಿ" ಎಂದು ಅವನು ವಾಪಸು ಇಟ್ಟರೆ ಅದು ಹದಿನೈದು ದಿನವೇ. ಇಂಥ ಕೆಲಸದವನಿಗೆ ಕೈಯಷ್ಟೇ ಹೆಸರೂ ಮುಖ್ಯ, ಏಕೆಂದರೆ ಅಟ್ಟ ಹತ್ತಬೇಕಾದರೆ ನಡುಮನೆ ದಾಟಿ, ದೇವರ ಮನೆಯ ಪಕ್ಕದ ಏಣಿಯನ್ನೇ ಹತ್ತಬೇಕು. ಯುಗಾದಿಗೆ ಮುಂಚೆ ಅಟ್ಟದ ಹಲಗೆ ಸರಿಮಾಡಲು ಅವನು ನಮ್ಮ ಮನೆಗೆ ಬಂದಿದ್ದ, ದೇವರ ಮನೆಯ ಪಕ್ಕದ ಏಣಿಯನ್ನೇ ಹತ್ತಿದ್ದ. ನನಗೆ ಇಷ್ಟು ಸಾಕಾಯಿತು.

"ರೀ, ಅವರು ಇಪ್ಪತ್ತು ವರ್ಷದಿಂದ ಬರ್ತಿದಾರೆ" ಎಂದಳು ಗಿರಿಜ.

"ಅದೇ ನೋಡು. ಇಪ್ಪತ್ತು ವರ್ಷ ನಂಬಿಕೆ ಗಳಿಸಿದಾನೆ" ಎಂದೆ. ನಂಬಿಕೆ ಗಳಿಸುವುದೇ ಅನುಮಾನಕ್ಕೆ ಕಾರಣವಾದ ಮೇಲೆ ಆಪಾದಿತ ತಪ್ಪಿಸಿಕೊಳ್ಳುವುದು ಹೇಗೆ?

ಆ ಸಂಜೆ ಬಸ್‌ಸ್ಟ್ಯಾಂಡಿನ ಎದುರಿನ ಪುಟ್ಟರಾಜುವಿನ ಟೀ ಅಂಗಡಿಯಲ್ಲಿ ನಾನು ನನ್ನ ವಾಕ್ ಸ್ವಾತಂತ್ರ್ಯವನ್ನು ಚಲಾಯಿಸಿದೆ. ಆ ಸ್ವಾತಂತ್ರ್ಯಕ್ಕೆ ಮಿತಿಗಳಿವೆ, ಇನ್ನೊಬ್ಬರ ಮಾನ ತೆಗೆಯುವುದು ಅದರಲ್ಲಿ ಸೇರಿಲ್ಲ ಎಂದು ಅದೇ ವಾರ ಪಾಠ ಮಾಡಿದ್ದೆನಾದ್ದರಿಂದ ಬಹಳ ಎಚ್ಚರಿಕೆಯಿಂದ ಮಾತಾಡಿದೆ. "ನಾನು ಯಾರ ಹೆಸರೂ ಹೇಳಲ್ಲಪ್ಪ. ಅಟ್ಟ ಹತ್ತೋರ ಮೇಲೆ ಒಂದು ಕಣ್ಣಿರಲಿ, ಅಷ್ಟೇ." ಗಂಡಸಿಯಲ್ಲಿ ಅಟ್ಟ ಹತ್ತುವ ಕೆಲಸದವನು ಇರುವುದು ಒಬ್ಬನೇ. ಹೆಸರು ಹೇಳಿಲ್ಲವೆಂಬ ಸಮಾಧಾನದಲ್ಲಿ ಎರಡನೇ ಟೀ ಕುಡಿದು ಮನೆಗೆ ಬಂದೆ.

ಪೊಲೀಸರಿಗೆ ಹೇಳೋಣವೆಂದು ನಾನು, ಬೇಡವೇ ಬೇಡ ಎಂದು ಅವ್ವ. "ಪೋಲೀಸ್ನೋರು ಬಂದ್ರೆ ಹೊಡೀತಾರೆ ಕಣ್ಲಾ ನಂಜುಂಡ. ಅಕ್ಕಿ ತಿನ್ಸಾನ. ದ್ಯಾವ್ರೇ ಹೇಳ್ತಾನೆ" ಎಂದಳು. ಕಣಕಟ್ಟೆ ಕಡೆಯ ಪೂಜಾರಿಯೊಬ್ಬರು ಮಂತ್ರಿಸಿ ಕೊಡುವ ಅಕ್ಕಿ ಅದು. ಯಾರ ಮೇಲೆ ಅನುಮಾನವೋ ಅವರಿಗೆಲ್ಲ ಒಂದೊಂದು ಹಿಡಿ ಹಸಿ ಅಕ್ಕಿ ಕೊಟ್ಟು ಅಗಿದು ನುಂಗಲು ಹೇಳುತ್ತಾರೆ. ತಪ್ಪು ಮಾಡಿದವನ ಬಾಯಿ ಒಣಗಿ ಅಕ್ಕಿ ಹಿಟ್ಟಾಗಿ ಗಂಟಲಲ್ಲೇ ನಿಲ್ಲುತ್ತದಂತೆ. ಇದು ಮೂಢನಂಬಿಕೆ ಎಂದು ನಾನು ಎಷ್ಟೋ ಸಲ ಭಾಷಣ ಮಾಡಿದ್ದೇನೆ. ಅದಿರಲಿ, ಒಬ್ಬನ ಬಾಯಿಂದಲೇ ಅವನ ವಿರುದ್ಧ ಸಾಕ್ಷಿ ಕಕ್ಕಿಸುವುದೆಂದರೆ ಇದೇ ಅಲ್ಲವೇ, ಕಕ್ಕಿಸುವ ಬದಲು ನುಂಗಿಸುತ್ತಾರೆ ಅಷ್ಟೆ. ಇದೆಲ್ಲ ನನಗೆ ಹೊಳೆಯಿತು. ಹೊಳೆದದ್ದನ್ನು ಪಕ್ಕಕ್ಕಿಟ್ಟು, ಪೂಜಾರಿಯವರ ಊರಿಗೆ ಎಷ್ಟು ಹೊತ್ತಿಗೆ ಬಸ್ಸಿದೆ ಎಂದು ವಿಚಾರಿಸಿದೆ.

ಹನುಮಯ್ಯ ಕರೆದ ತಕ್ಷಣ ಬಂದ. ಕೋಪ ಮಾಡಿಕೊಳ್ಳಲಿಲ್ಲ. ಅವನು ಕೋಪ ಮಾಡಿಕೊಳ್ಳದಿದ್ದುದು ನನಗೆ ಮತ್ತಷ್ಟು ಅನುಮಾನ ತಂದಿತು. ಹೆಗಲ ಮೇಲಿನ ಟವೆಲ್ ತೆಗೆದು ಪಡಸಾಲೆಯಲ್ಲಿ ಕೂತು, "ನಾನು ತಿಂತೀನಿ ಮೇಷ್ಟ್ರೇ. ಆದ್ರೆ ನಾನೊಬ್ನೇ ಯಾಕ್ ತಿನ್ಲಿ? ಮನೇಲಿ ಓಡಾಡೋರೆಲ್ಲಾ ತಿನ್ಲಿ" ಎಂದ. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬುದನ್ನು ಒಂದು ಇಡೀ ಪೀರಿಯಡ್ ತೆಗೆದುಕೊಂಡು ನಾನು ವಿವರಿಸುತ್ತೇನೆ. ಅವನು ಒಂದೇ ಉಸಿರಲ್ಲಿ ಮುಗಿಸಿದ.

ಅವ್ವ ತಿಂದಳು, ಗಿರಿಜ ತಿಂದಳು. ಹನುಮಯ್ಯ ಕರಕರ ಅಗಿದು ನುಂಗಿ, "ಒಂಚೂರು ಬೆಲ್ಲ ಇದ್ರೆ ಚೆನ್ನಾಗಿರದು ದೊಡ್ಡವ್ವ" ಎಂದ. ಆಮೇಲೆ ನನ್ನ ಸರದಿ. ಬಾಯಿಗೆ ಹಾಕಿಕೊಂಡೆ. ಅಗಿದೆ. ಇನ್ನೂ ಅಗಿದೆ. ಅಕ್ಕಿ ಹಿಟ್ಟಾಯಿತು, ಹಿಟ್ಟು ಸುಣ್ಣವಾಯಿತು, ಸುಣ್ಣ ಅಂಗುಳಕ್ಕೆ ಮೆತ್ತಿಕೊಂಡು ಕೂತಿತು. ಕಣ್ಣಲ್ಲಿ ನೀರು ಬಂತೇ ಹೊರತು ಬಾಯಲ್ಲಿ ಬರಲಿಲ್ಲ. ಕೆಮ್ಮಿ ಕೆಮ್ಮಿ ಅಂಗಳಕ್ಕೆ ಓಡಿದೆ. "ಬಿ.ಪಿ. ಮಾತ್ರೆ ತಗೊಂಡ್ರೆ ಬಾಯಿ ಒಣಗುತ್ತೆ" ಎಂದು ಅಲ್ಲಿಂದಲೇ ಕೂಗಿ ಹೇಳಿದೆ. ಅವ್ವ ಉಳಿದ ಅಕ್ಕಿಯನ್ನು ಪೊಟ್ಟಣ ಕಟ್ಟಿ ದೇವರ ಗೂಡಿನಲ್ಲಿಟ್ಟು, ಈ ವರ್ಷದ ಕಾಯಿ ಇಳಿಸಲೂ ಹನುಮಯ್ಯನೇ ಬರಲಿ ಎಂದಳು. ಸಂವಿಧಾನ ಓದಿದ ನಾನು ಕೈಬಿಟ್ಟವನನ್ನು ಶಾಲೆಯ ಮೆಟ್ಟಿಲು ಹತ್ತದ ಅವ್ವ ಕೈಹಿಡಿದಳು.

ಆದರೆ ಅವ್ವನ ಮಾತು ನಮ್ಮ ಅಂಗಳ ದಾಟುವಷ್ಟರಲ್ಲಿ ನನ್ನ ಮಾತು ಟೀ ಅಂಗಡಿಯಿಂದ ಕಣಕಟ್ಟೆಯವರೆಗೂ ಹೋಗಿ ಬಂದಿತ್ತು. ಒಂದು ಮನೆಯವರು ಈ ಸಲ ನಾವೇ ಸುಲಿದುಕೊಳ್ಳುತ್ತೇವೆ ಎಂದರಂತೆ. ಇನ್ನೊಬ್ಬರು ಬಾಗಿಲಲ್ಲೇ ನಿಲ್ಲಿಸಿ, ಆಮೇಲೆ ಹೇಳಿ ಕಳಿಸುತ್ತೇವೆ ಎಂದರಂತೆ. ಕಾಯಿ ಸುಲಿಯುವ ಕಬ್ಬಿಣದ ಮೊನೆಯನ್ನು ಸ್ಕೂಟರಿಗೆ ಕಟ್ಟಿಕೊಂಡು ಹನುಮಯ್ಯ ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೇ ವಾಪಸಾಗುವುದನ್ನು ನಾನು ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆ. ಇಷ್ಟು ಬೇಗ ಯಾಕೆ ಬಂದ ಎಂದು ಅದಕ್ಕೂ ಅನುಮಾನಪಟ್ಟೆ.

ದೀಪಾವಳಿ ಕಳೆದ ಮೇಲೆ ಅವನು ನಮ್ಮ ಅಟ್ಟ ಹತ್ತಿದ. ನಾನು ರಜೆ ಹಾಕಿ ಏಣಿಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತೆ. ಅರ್ಧ ರಾಶಿ ಇಳಿದಿರಬೇಕು, ಮೇಲಿಂದ ದನಿ ಬಂತು.

"ಮೇಷ್ಟ್ರೇ, ಕಾಯಿ ಸಂದೀಲಿ ಒಂದು ಗಂಟೈತೆ. ನಾನು ಮುಟ್ಟಕಿಲ್ಲ. ನೀವೇ ಮ್ಯಾಲಕ್ಕೆ ಬನ್ನಿ. ಬರೋಕ್ ಮುಂಚೆ ಅಕ್ಕಪಕ್ಕದ ನಾಕ್ ಜನನ್ನ ಕರೀರಿ, ಅವರೆದುರಿಗೇ ತಗೀರಿ."

ಮಹಜರು ಹೇಗೆ ನಡೆಸಬೇಕೆಂದು ಅವನಿಗೆ ಯಾರು ಹೇಳಿಕೊಟ್ಟರೋ ಕಾಣೆ. ನಾಲ್ಕು ಜನ ಬಂದರು. ನಾನು ಏದುಸಿರು ಬಿಡುತ್ತಾ ಹತ್ತಿ, ಅವನು ಬೆರಳು ತೋರಿಸಿದಲ್ಲಿ ಕೈಹಾಕಿ ಗಂಟನ್ನು ಕೆಳಗೆ ತಂದೆ. ನನ್ನದೇ ಟವೆಲ್. ಅದರೊಳಗೆ ಒಂದು ಹಳೆಯ ಪ್ರಶ್ನೆಪತ್ರಿಕೆ. ಅದರೊಳಗೆ ಕೊಕ್ಕು ಮುರಿದ ನವಿಲು. ಗಿರಿಜ ಪ್ರಶ್ನೆಪತ್ರಿಕೆಯ ಸುಕ್ಕು ಬಿಡಿಸಿ ಎಲ್ಲರಿಗೂ ಕೇಳುವಂತೆ ಓದಿದಳು: "ಆಪಾದಿತನಿಗೆ ಇರುವ ಹಕ್ಕುಗಳನ್ನು ವಿವರಿಸಿ. ಹತ್ತು ಅಂಕ."

ಆಗ ಎಲ್ಲಾ ನೆನಪಾಯಿತು. ಜನವರಿಯಲ್ಲಿ ಅವ್ವ ಮತ್ತು ಗಿರಿಜ ಹಗರೆಗೆ ಮದುವೆಗೆ ಹೋಗಿದ್ದರು. ನಾನು ಕಾಲೇಜಿನ ಮಕ್ಕಳನ್ನು ಬೇಲೂರು ಹಳೇಬೀಡು ಪ್ರವಾಸಕ್ಕೆ ಕರೆದುಕೊಂಡು ಹೋಗಬೇಕಿತ್ತು. ಮನೆಗೆ ಬೀಗ. ಬೀರುವಿನ ಮೇಲೆ ನನಗೆ ನಂಬಿಕೆಯಿಲ್ಲ. ಊರಿನಲ್ಲಿ ವರ್ಷಗಟ್ಟಲೆ ಯಾರೂ ಕೈಹಾಕದ ಜಾಗವೆಂದರೆ ಅಟ್ಟದ ಕಾಯಿರಾಶಿಯೊಂದೇ ಎಂದು ಬೆಳಗಿನ ಜಾವ ಎದ್ದು ಭರಣಿಯನ್ನು ಅದರೊಳಗೆ ಹೂತಿಟ್ಟು, ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡು ಬಸ್ಸು ಹತ್ತಿದ್ದೆ. ಮಕ್ಕಳನ್ನು ಕಾಯುವ ಗಲಾಟೆಯಲ್ಲಿ ಅದು ಹಾಗೇ ಮರೆತುಹೋಗಿತ್ತು.

"ಇದು ಹೆಂಗ್ ಬಂತು ಮೇಷ್ಟ್ರೇ ಇಲ್ಗೆ?" ಎಂದು ಹನುಮಯ್ಯ ಮೆತ್ತಗೆ ಕೇಳಿದ. ಜೀವಮಾನದಲ್ಲಿ ಮೊದಲ ಸಲ ನಾನು ಮೌನವಾಗಿರುವ ಹಕ್ಕನ್ನು ಬಳಸಿಕೊಂಡೆ. ಅದು ಎಷ್ಟು ದೊಡ್ಡ ಹಕ್ಕು ಎಂದು ಅವತ್ತು ತಿಳಿಯಿತು. ಈ ಹಕ್ಕನ್ನು ನಾನು ಅವನಿಗೆ ಕೊಟ್ಟಿರಲಿಲ್ಲ ಎನ್ನುವುದೂ ತಿಳಿಯಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ತಪ್ಪಾಯ್ತು ಹನುಮಯ್ಯ" ಎಂದೆ.

"ನಂಗ್ ಹೇಳಿ ಏನ್ ಬಂತು? ನಾನು ಕದ್ದಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು. ನೀವು ಟೀ ಅಂಗಡೀಲಿ ಹೇಳಿದ್ರಿ, ಟೀ ಅಂಗಡೀಲೇ ಹೇಳ್ಬುಡಿ" ಎಂದ.

ಮಾರನೆಯ ದಿನ ಅವನನ್ನೂ ಕರೆದುಕೊಂಡು ಪುಟ್ಟರಾಜುವಿನ ಅಂಗಡಿಗೆ ಹೋದೆ. ಧೈರ್ಯಕ್ಕೆ ಒಂದು ಟೀ ಕುಡಿದೆ, ಸಾಲದೆ ಇನ್ನೊಂದು ಕುಡಿದೆ, ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಭರಣಿ ಇಟ್ಟವನು ನಾನು, ಮರೆತವನು ನಾನು, ಹನುಮಯ್ಯನ ತಪ್ಪು ಎಳ್ಳಷ್ಟೂ ಇಲ್ಲ. ಎಲ್ಲರೂ ಭಕ್ತಿಯಿಂದ ಕೇಳಿದರು. ಪುಟ್ಟರಾಜು ಕಣ್ಣೊರೆಸಿಕೊಂಡ. "ದೊಡ್ಡ ಮನ್ಸು ಕಣ್ರಪ್ಪಾ ನಮ್ ಮೇಷ್ಟ್ರುದು. ಮಾಲು ವಾಪಸ್ ಕೊಟ್ಟ ಅಂತ, ಬಡವನ ಮಾನ ಉಳ್ಸಕ್ಕೆ ತಪ್ಪನ್ನ ತಮ್ ಮ್ಯಾಲೇ ಹಾಕ್ಕಂಡವ್ರೆ!"

ನಾನು ಬೆವೆತುಹೋದೆ. ಇಲ್ಲಪ್ಪಾ, ನಿಜ ಕಣಪ್ಪಾ ಎಂದಷ್ಟೂ ನನ್ನ ಮನಸ್ಸು ದೊಡ್ಡದಾಗುತ್ತಾ ಹೋಯಿತು, ಹನುಮಯ್ಯನ ಮುಖ ಚಿಕ್ಕದಾಗುತ್ತಾ ಹೋಯಿತು. ಕೊನೆಗೆ ಬೇರೆ ದಾರಿ ಕಾಣದೆ ಮನೆಗೆ ಓಡಿ, ಅವ್ವ ಕಟ್ಟಿಟ್ಟಿದ್ದ ಅಕ್ಕಿಯ ಪೊಟ್ಟಣ ತಂದೆ. "ನೋಡಿ, ಅವತ್ತು ಇದು ನನ್ನ ಗಂಟಲಲ್ಲಿ ಇಳಿದಿರಲಿಲ್ಲ. ಈಗಲೂ ಇಳಿಯಲ್ಲ. ನೀವೇ ನೋಡಿ" ಎಂದು ಎಲ್ಲರೆದುರು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿದೆ. ಅಕ್ಕಿ ಪಾಯಸದ ಹಾಗೆ ಸರಾಗವಾಗಿ ಇಳಿದುಹೋಯಿತು.

"ನೋಡುದ್ರಾ! ಮೇಷ್ಟ್ರುದು ಏನೂ ತಪ್ಪಿಲ್ಲ!" ಎಂದು ಪುಟ್ಟರಾಜು ತೀರ್ಪು ಕೊಟ್ಟ. ಹನುಮಯ್ಯ ನನ್ನನ್ನೇ ನೋಡುತ್ತಿದ್ದ. "ಬಂದೇಟ್ಗೇ ಎರಡು ಲೋಟ ಟೀ ಯಾಕ್ ಕುಡುದ್ರಿ ಮೇಷ್ಟ್ರೇ? ಬೇಕು ಅಂತ್ಲೇ ಕುಡುದ್ರಾ?" ಎಂದ. ಇಲ್ಲ ಎಂದೆ. ಅವನು ನಂಬಲಿಲ್ಲ. ನಾನು ಆ ನೋಟದಿಂದ ಎಷ್ಟು ಜನರನ್ನು ನೋಡಿದ್ದೇನೆ, ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ.

ಈಗ ಪ್ರತಿ ಭಾನುವಾರ ಹನುಮಯ್ಯನ ಸ್ಕೂಟರಿನ ಹಿಂದೆ ಕೂತು ಒಂದೊಂದೇ ತೋಟದ ಮನೆಗೆ ಹೋಗುತ್ತೇನೆ. ಅಂಗಳದಲ್ಲಿ ನಿಂತು ತಪ್ಪೊಪ್ಪಿಕೊಂಡು, ಅವರೆದುರು ಅಕ್ಕಿ ತಿಂದು, ಕಣ್ಣೀರು ಬರುವಂತೆ ಕೆಮ್ಮಿ ತೋರಿಸುತ್ತೇನೆ. ನಾಲ್ಕು ಮನೆಯವರು ಅವನನ್ನು ಮತ್ತೆ ಅಟ್ಟ ಹತ್ತಿಸಿದ್ದಾರೆ, ಇನ್ನೂ ಬಹಳ ಮನೆಗಳಿವೆ. ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷೆ ಇಲ್ಲವೆಂದು ಸಂವಿಧಾನವೇ ಹೇಳುತ್ತದೆ ಎಂದು ಮೊನ್ನೆ ಗಿರಿಜಳ ಹತ್ತಿರ ಹೇಳಿ ನೋಡಿದೆ. ಅವಳು ಕಾಫಿಯ ಪಾತ್ರೆಯನ್ನು ಒಲೆಯಿಂದ ಇಳಿಸಿ, ತಟ್ಟೆ ಮುಚ್ಚಿ, "ಬಾಯಿ ಒದ್ದೆ ಮಾಡ್ಕೋಬೇಡಿ. ಅಕ್ಕಿ ತಿಂದು ಬನ್ನಿ, ಆಮೇಲೆ ಕಾಫಿ" ಎಂದಳು. ಅಷ್ಟಕ್ಕೇ ಬಿಡಲಿಲ್ಲ. ಬಚ್ಚಲಿನಲ್ಲಿ ನಾನು ಗುಟ್ಟಾಗಿ ನೀರು ಕುಡಿಯುತ್ತೇನೇನೋ ಎಂದು ಬಾಗಿಲಲ್ಲೇ ನಿಂತು ಕಾಯುತ್ತಿದ್ದಳು.