ಪಥ್ಯ ಹಿಡಿದ ಪ್ಯಾಂಟು

ಪಥ್ಯ ಹಿಡಿದವನು ಯಾವ ದಾರಿಯಲ್ಲಿ ಹೋದರೂ ಅಲ್ಲೊಂದು ಎಣ್ಣೆ ಬಾಣಲೆ ಒಲೆಯ ಮೇಲಿರುತ್ತದೆ. ಇದು ಯಾರೋ ಹೇಳಿದ್ದಲ್ಲ, ನನ್ನ ಮೂರು ವಾರದ ಅನುಭವ.

ಕರಾರು

ನಾನು ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕಡೆ ಕಟಿಂಗ್ ಮಾಸ್ಟರು. ದಾರಿಯಲ್ಲಿ ಹೋಗುವವನ ಸೊಂಟ ಎಷ್ಟು ಇಂಚು ಅಂತ ಟೇಪಿಲ್ಲದೆ ಹೇಳಬಲ್ಲೆ. ನನ್ನದೊಂದು ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದದ್ದು ಹೆಂಡತಿಗೆ. ಅವಳು ಮಡಕಶಿರಾ ಕಡೆಯ ಗುಡಿಬಂಡೆಯವಳು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಫೋನಿನಲ್ಲಿ ಯಾರದೋ ವಿಡಿಯೋ ನೋಡಿ, ಮೈ ಶುದ್ಧಿ ಮಾಡುವ ಊಟ ಅಂತ ಶುರು ಮಾಡಿದಳು. ಸಕ್ಕರೆ, ಮೈದಾ, ಕರಿದದ್ದು ಎಲ್ಲ ಇಬ್ಬರಿಗೂ ಬಂದ್. ನವಣೆ ಅನ್ನ, ಮೊಳಕೆ ಕಾಳು, ಸಂಜೆಗೆ ಪಪ್ಪಾಯಿ.

ಮೂರು ವಾರಕ್ಕೆ ಅವಳ ತಮ್ಮನ ಹೊಸ ಮನೆಯ ಗೃಹಪ್ರವೇಶವಿತ್ತು. ಅತ್ತೆಯ ಕೈಯ ಒಬ್ಬಟ್ಟಿಗಾಗಿಯೇ ನಾನು ಆ ಮನೆಯ ಅಳಿಯನಾದೆ ಅಂದರೂ ತಪ್ಪಿಲ್ಲ. ಅದು ಗೊತ್ತಿದ್ದೇ ಅವಳು ಬೀರುವಿನಿಂದ ನನ್ನ ಮದುವೆಯ ವರ್ಷದ ಪ್ಯಾಂಟು ತೆಗೆದಳು.

"ಅವತ್ತಿಗೆ ಇದು ನಿಮ್ ಸೊಂಟಕ್ ಆದ್ರೆ ಒಬ್ಬಟ್ಟು. ಇಲ್ದಿದ್ರೆ ಎಲ್ರೂ ಒಬ್ಬಟ್ಟು ತಿಂತಿರ್ಬೇಕು, ನೀವು ಸೌತೆಕಾಯಿ ಕಚ್ತಿರ್ಬೇಕು."

ಸಂಧಾನ

ಮಾರನೇ ದಿನ ಕೆಲಸದ ಕಡೆ ಊಟದ ಡಬ್ಬಿ ತೆಗೆದರೆ ಹಸಿ ಕ್ಯಾರೆಟ್, ಮೊಳಕೆ ಹೆಸರುಕಾಳು. ಇಸ್ತ್ರಿ ಮಾಡುವ ಹಿರಿಯರು ಇಣುಕಿ ನೋಡಿ ದನಿ ತಗ್ಗಿಸಿದರು. "ಮನ್ಯಾಗ ಜಗಳ ಆಗೇತೇನ್ರಿ ಮಾಸ್ಟರ್?"

"ಇಲ್ರಿ, ಇದು ಪಥ್ಯ."

"ನಮ್ಮ ಮುಂದ ಯಾಕ ಮುಚ್ಚಿಡ್ತೀರಿ? ಒಲಿ ಹಚ್ಚಿಲ್ಲ ಅನ್ನೋದು ಕಾಣ್ತೈತಲ್ರಿ."

ಒಬ್ಬರು ರೊಟ್ಟಿ ಇಟ್ಟರು, ಇನ್ನೊಬ್ಬರು ಎಣ್ಣೆಗಾಯಿ ಇಟ್ಟರು. ಅವರ ಮನಸ್ಸು ನೋಯಿಸಬಾರದು ಅಂತ ಎಲ್ಲವನ್ನೂ ತಿಂದೆ. ಸಂಜೆ ಹಿರಿಯರು ಸಂಧಾನಕ್ಕೆ ಮನೆಗೇ ಬಂದರು. ಹೆಂಡತಿ ನಗುತ್ತ ಅವರಿಗೂ ನವಣೆ ಅನ್ನ, ಬೇಯಿಸಿದ ಸೊಪ್ಪು ಬಡಿಸಿದಳು. ಅಷ್ಟನ್ನೂ ಉಂಡು, ಚಪ್ಪಲಿ ಮೆಟ್ಟಿ ಹೊರಟರು. ಮಾರನೇ ದಿನದಿಂದ ನನ್ನ ಪಾಲಿಗೆ ಎರಡು ರೊಟ್ಟಿ ಹೆಚ್ಚಿಗೆ ತಂದರು.

ಮಿರ್ಚಿ

ಹತ್ತನೇ ದಿನ ಕಾಲುಗಳು ತಾವಾಗಿಯೇ ಬಸ್ ಸ್ಟ್ಯಾಂಡ್ ಹತ್ತಿರದ ಮಿರ್ಚಿ ಬಜ್ಜಿ ಬಂಡಿಗೆ ಹೋದವು. ಬಂಡಿಯವನು ಕೈ ಅಡ್ಡ ಇಟ್ಟ. "ನಿಮಗ ಕೊಡಬ್ಯಾಡ ಅಂದಾರ್ರಿ ಅಕ್ಕಾರು."

"ಆಕಿ ಇಲ್ಲಿಗೆ ಯಾವಾಗ ಬಂದಿದ್ಲು?"

"ದಿನಾ ಬರ್ತಾರಲ್ರಿ, ಎರಡು ಮಿರ್ಚಿ ಒಯ್ಯಾಕ."

ಮಿರ್ಚಿಯ ವಿಷಯ ಮನಸ್ಸಿನಲ್ಲೇ ಇಟ್ಟುಕೊಂಡು ಮನೆಗೆ ಹೋದೆ. ಇಬ್ಬರೂ ಎದುರುಬದುರು ಕೂತು ಪಪ್ಪಾಯಿ ತಿಂದೆವು. ನಾನು ಆದಷ್ಟು ಸಣ್ಣ ಮುಖ ಮಾಡಿಕೊಂಡು ತಿಂದೆ.

ಗೃಹಪ್ರವೇಶ

ಹೊರಡುವ ಹಿಂದಿನ ದಿನ ಟೇಪು ಹಿಡಿದೆ. ಇಳಿದದ್ದು ಅರ್ಧ ಇಂಚು, ಅದೂ ಉಸಿರು ಬಿಗಿಹಿಡಿದರೆ. ಅವಳು ಅಂಗಡಿಗೆ ಹೋದಾಗ ಪ್ಯಾಂಟಿನ ಗುಂಡಿ ಕಿತ್ತು ಒಂದೂವರೆ ಇಂಚು ಆಚೆ ಹೊಲಿದೆ. ಹಾಕಿ ನೋಡುವಷ್ಟರಲ್ಲಿ ಅವಳ ಹೆಜ್ಜೆ ಸಪ್ಪಳ ಕೇಳಿಸಿತು, ಮಡಚಿಟ್ಟೆ.

ಬೆಳಿಗ್ಗೆ ಹಾಕಿಕೊಂಡರೆ ಪ್ಯಾಂಟು ಸಡಿಲ. ನವಣೆ ಕೈ ಬಿಡಲಿಲ್ಲ ಅಂದುಕೊಂಡೆ. ಸಡಿಲವಾದದ್ದು ಎಲ್ಲರಿಗೂ ಕಾಣಲಿ ಅಂತ ಬೆಲ್ಟನ್ನೂ ಮನೆಯಲ್ಲೇ ಬಿಟ್ಟೆ.

ಗುಡಿಬಂಡೆಯಲ್ಲಿ ಪೂಜೆ ಮುಗಿದು ಊಟದ ಪಂಕ್ತಿ ಕೂತಿತು. ಮನೆ ಅಳಿಯನೆಂದು ಸಾರಿನ ಬಕೆಟ್ಟು ನನ್ನ ಕೈಗೆ ಬಂತು. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಸೌಟು. ಮೂರನೇ ಎಲೆಗೆ ಬಗ್ಗುವಾಗ ಪ್ಯಾಂಟು ಜಾರತೊಡಗಿತು. ಮೊಣಕೈಯಲ್ಲಿ ಒತ್ತಿ ಹಿಡಿದು ಒಳಕೋಣೆಗೆ ಓಡಿದೆ. ಹೆಂಡತಿ ಪಿನ್ನು ಹಿಡಿದು ಹಿಂದೆಯೇ ಬಂದಳು.

"ಈ ಗುಂಡಿ ಇಲ್ಲಿಗ್ ಯಾವಾಗ ಬಂತು?" ಅಂದಳು.

ನಾನು ಬೀರುವಿನ ಕನ್ನಡಿಗೆ ಬೆನ್ನು ತಿರುಗಿಸಿ ನೋಡಿದೆ. ಸೊಂಟದ ಹಿಂಬದಿಯ ಹೊಲಿಗೆ ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆಯನ್ನೆಲ್ಲ ಬಿಟ್ಟು, ಬ್ಲೌಸಿನ ಕೆಂಪು ದಾರದಲ್ಲಿ ಹೊಲಿದಿತ್ತು. "ಈ ದಾರ ಯಾರದು?" ಅಂದೆ.

"ಪಪ್ಪಾಯಿ ತಿನ್ನೋವಾಗ ನಿಮ್ ಮಕ ನೋಡಕ್ಕಾಗ್ತಿರ್ಲಿಲ್ಲ," ಅಂದಳು, ನೆಲ ನೋಡುತ್ತ. ನನಗೆ ಅವಳ ಮೇಲೆ ಬಹಳ ಪ್ರೀತಿ ಬಂತು. ಮಿರ್ಚಿಯ ವಿಷಯ ಅಲ್ಲೇ ಮರೆತೆ.

ಪಿನ್ನು ಹಾಕಿಸಿಕೊಂಡು ಹೊರಗೆ ಬಂದರೆ ಅತ್ತೆ ಕಾಯುತ್ತಿದ್ದರು. "ಅಳಿಯಂದ್ರುನ್ನ ಸೊಂಟದ್ ಮೇಲೆ ಪ್ಯಾಂಟ್ ನಿಲ್ದಂಗೆ ಒಣಗ್ಸಿದೀಯಲ್ಲೇ, ನಿಂಗೆ ಕರುಣೆ ಇಲ್ವಾ?" ಅಂತ ಮಗಳನ್ನು ಬೈದು, ನನ್ನನ್ನು ಕೂರಿಸಿ, ಎಲೆಗೆ ತುಪ್ಪ ಸುರಿದ ಒಬ್ಬಟ್ಟು ಹಾಕತೊಡಗಿದರು. ನಾನು ಬೇಡ ಅನ್ನುವುದು, ಅವರು ಹಾಕುವುದು. ಏಳರವರೆಗೆ ಎಣಿಸಿದ್ದು ನೆನಪಿದೆ.

ಎದ್ದು ಕೈ ತೊಳೆದು, ಪಿನ್ನು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟೆ. ಪ್ಯಾಂಟು ಆಗತಾನೇ ಅಳತೆ ತೆಗೆದು ಹೊಲಿದಂತೆ ಕೂತಿತ್ತು.