ನಿಧಾನವೇ ಪ್ರಧಾನವೆಂದು ಟರ್ಬೊ ಕೆಡಿಸಿದ್ದು

ಅತಿ ಮುದ್ದಿನಿಂದ ಮಕ್ಕಳು ಕೆಡುತ್ತಾರೆಂದು ಕೇಳಿದ್ದೆ. ಕಾರೂ ಕೆಡುತ್ತದೆಂದು ಯಾರೂ ಹೇಳಿರಲಿಲ್ಲ. ಐದು ವರ್ಷದಿಂದ ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮೂರು ಮಧುರೆಯಿಂದ ನೆಲಮಂಗಲದ ಗೋದಾಮಿನ ಕೆಲಸಕ್ಕೆ ನನ್ನ ಡೀಸೆಲ್ ಕಾರಿನಲ್ಲೇ ಹೋಗಿಬರುತ್ತಿದ್ದೆ. ನನ್ನ ವಯಸ್ಸು ಐವತ್ತು ದಾಟಿದರೂ ಕಾರಿನ ಮುಳ್ಳು ನಲವತ್ತು ದಾಟಿರಲಿಲ್ಲ. ನಮ್ಮ ತಾತ ಎತ್ತುಗಳನ್ನು ಎಂದೂ ಓಡಿಸಿದವರಲ್ಲ. "ಮೂಕಪ್ರಾಣಿ ಕಣೋ, ಬಾಯಿದ್ದಿದ್ರೆ ನಮ್ಮನ್ನ ಬೈಯ್ಯೋದು" ಎನ್ನುತ್ತಿದ್ದರು. ಆ ಕರುಣೆಯನ್ನೆಲ್ಲ ನಾನು ಕಾರಿಗೆ ಧಾರೆ ಎರೆದಿದ್ದೆ. ಆಯುಧಪೂಜೆಯ ದಿನ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವಾಗಲೂ ಅದಕ್ಕೆ ನೋವಾದೀತೆಂದು ಅಳುಕು. ಹಿಂದಿನ ಗಾಜಿನ ಮೇಲೆ 'ನಿಧಾನವೇ ಪ್ರಧಾನ' ಎಂದು ದಪ್ಪಕ್ಷರದಲ್ಲಿ ಬರೆಸಿದ್ದೆ.

ನನ್ನ ಹೆಂಡತಿ ಸುಮಿತ್ರಾ ದೊಡ್ಡಬಳ್ಳಾಪುರದ ಶಾಲೆಯೊಂದರಲ್ಲಿ ಮೇಡಂ. ಎರಡು ವರ್ಷದ ಹಿಂದೆ ಲೈಸೆನ್ಸ್ ಮಾಡಿಸಿಕೊಂಡಳು. ಒಂದೇ ಒಂದು ಸಲ ಕೀ ಕೊಟ್ಟೆ. ಅವಳು ಎಂಜಿನ್ನನ್ನು ಗುರ್ರೆನ್ನಿಸಿದ ರೀತಿಗೆ ನನ್ನ ಕರುಳು ಚುರುಕ್ಕೆಂದಿತು. "ಗಾಡಿ ಹಾಳಾಗುತ್ತೆ ಕಣೇ" ಎಂದು ಕೀ ಇಸಿದುಕೊಂಡವನು ಮತ್ತೆ ಕೊಡಲಿಲ್ಲ. ಅವಳು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಹೋಗಿಬಂದಳು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಹೋದ ತಿಂಗಳು ಒಂದು ಶನಿವಾರ, ಅಪರೂಪಕ್ಕೆ ಅವಳು ಪಕ್ಕದಲ್ಲಿ ಕೂತಿದ್ದಾಗಲೇ, ನೆಲಮಂಗಲದ ಫ್ಲೈಓವರ್ ಹತ್ತುತ್ತ ಕಾರಿನ ಉಸಿರು ನಿಂತಂತಾಯಿತು. ಮುಂದೆ ಎಚ್ಚರಿಕೆಯ ಹಳದಿ ದೀಪ ಹತ್ತಿತು, ಹಿಂದೆ ಕಪ್ಪು ಹೊಗೆ. ಎಷ್ಟು ತುಳಿದರೂ ಆಳು ನಡೆಯುವಷ್ಟೇ ವೇಗ. ಬೆನ್ನಿಗಿದ್ದ ಲಾರಿಯವನು ಪಕ್ಕಕ್ಕೆ ಬಂದು ತಲೆ ಹೊರಹಾಕಿದ. "ಏನಪ್ಪಾ, ಬೋರ್ಡ್ ಓದ್ದೆ. ಆದ್ರೂ ಇಷ್ಟೊಂದಾ?"

ಅಲ್ಲೇ ಸರ್ವಿಸ್ ರಸ್ತೆಯ ರಹಮತ್ ಭಾಯಿಯ ಗ್ಯಾರೇಜಿಗೆ ಹೇಗೋ ತಲುಪಿದೆವು. ಅವನು ಟರ್ಬೊ ಬಿಚ್ಚಿ ಗೋಣಿಚೀಲದ ಮೇಲಿಟ್ಟ. ಒಳಗೊಂದು ಪುಟ್ಟ ಚಕ್ರ, ಅದರ ಸುತ್ತ ಎಲೆಗಳಂಥ ರೆಕ್ಕೆಗಳು.

"ಎಂಜಿನ್ ಬಿಡೋ ಹೊಗೆ ಈ ಚಕ್ರ ತಿರುಗಿಸ್ತದೆ ಸಾರ್. ಅದೇ ಕಡ್ಡೀಲಿ ಆ ಕಡೆ ಇನ್ನೊಂದು ಚಕ್ರ, ಅದು ಎಂಜಿನ್‌ಗೆ ಗಾಳಿ ತುಂಬ್ತದೆ. ನಿಧಾನಕ್ಕೆ ಹೋಗೋವಾಗ ಹೊಗೆ ಕಮ್ಮಿ. ಆಗ ಈ ರೆಕ್ಕೆಗಳು ಸಂದಿ ಕಿರಿದು ಮಾಡ್ತವೆ. ನೀರಿನ ಪೈಪ್ ಬಾಯಿಗೆ ಹೆಬ್ಬೆರಳಿಟ್ರೆ ಜೋರಾಗಿ ಚಿಮ್ಮಲ್ವಾ, ಹಂಗೆ. ಸ್ಪೀಡ್ ಹೋದ್ರೆ ಹೊಗೆ ಜಾಸ್ತಿ, ಆಗ ಅಗಲ ತೆರ್ಕೋತವೆ."

"ಇವಕ್ಕೇನಾಗಿದೆ?"

"ಮಸಿ ಕೂತು ಹಿಡ್ಕೊಂಡ್ಬಿಟ್ಟಿವೆ. ತೆರೆಯೋಕೆ ನೀವು ಚಾನ್ಸೇ ಕೊಟ್ಟಿಲ್ಲ. ಐದು ವರ್ಷದಲ್ಲಿ ಒಂದ್ಸಲಾನೂ ಓಡ್ಸಿಲ್ವಾ?"

"ದಿನಾ ಓಡಿಸ್ತೀನಲ್ಲಪ್ಪ!"

"ಅದು ಓಡ್ಸೋದಲ್ಲ ಸಾರ್, ಕೈ ಹಿಡ್ಕೊಂಡು ವಾಕಿಂಗ್ ಕರ್ಕೊಂಡ್ಹೋಗೋದು."

ಸುಮಿತ್ರಾ ಆ ಮಸಿ ಹಿಡಿದ ರೆಕ್ಕೆಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

ರಹಮತ್ ಅದನ್ನು ತೊಳೆದು ಕೂರಿಸಿ ಪಥ್ಯ ಹೇಳಿದ: ವಾರಕ್ಕೆರಡು ಸಲ ತುಮಕೂರು ಹೆದ್ದಾರಿಯಲ್ಲಿ ಅರ್ಧ ಗಂಟೆ ಜೋರಾಗಿ ಓಡಿಸಬೇಕು. ಕಾರು ಕೈಗೆ ಬಂದ ದಿನವೇ ಇಬ್ಬರೂ ಹೊರಟೆವು. ಮುಳ್ಳು ಐವತ್ತೈದಕ್ಕೆ ಬಂತೋ ಇಲ್ಲವೋ, ನನ್ನ ಕಾಲು ತಾನೇ ಮೇಲೆದ್ದಿತು. ಮತ್ತೆ ಒತ್ತಿದೆ, ಮತ್ತೆ ಎದ್ದಿತು. ಮೂರನೆಯ ಸಲಕ್ಕೆ ಸುಮಿತ್ರಾ, "ಪಕ್ಕಕ್ಕೆ ಹಾಕಿ, ಇತ್ಲಾಗ್ ಬನ್ನಿ" ಎಂದಳು. ಅವಳು ಸ್ಟೀರಿಂಗ್ ಹಿಡಿದ ಮೇಲೆ ಎಂಬತ್ತರಲ್ಲಿ ಕಾರು ಸಣ್ಣಗೆ ಸಿಳ್ಳೆ ಹಾಕುತ್ತ ಓಡಿತು. ನನ್ನ ಕಡೆ ಬ್ರೇಕೇ ಇಲ್ಲದಿದ್ದರೂ ದಾಬಸ್‌ಪೇಟೆಯವರೆಗೂ ತುಳಿಯುತ್ತಲೇ ಇದ್ದೆ. ಐದು ವರ್ಷ ನಾನು ಸಾಕಿದ ಕಾರು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಈಗ ಕಾರು ದಿನಾ ದೊಡ್ಡಬಳ್ಳಾಪುರಕ್ಕೆ ಹೋಗುತ್ತದೆ. ನಾನು ಬಸ್ಸಿನಲ್ಲಿ ಕಂಬಿ ಹಿಡಿದು ನೆಲಮಂಗಲಕ್ಕೆ ಹೋಗುತ್ತೇನೆ. ಮೊನ್ನೆ ಭಾನುವಾರ ಮನಸ್ಸು ತಡೆಯದೆ, ಒಂದು ರೌಂಡ್ ಹೋಗಿಬರ್ತೀನಿ ಎಂದು ಕೀ ಕೇಳಿದೆ. ಅವಳು ಕೀಯನ್ನು ಬ್ಯಾಗಿಗೆ ಹಾಕಿಕೊಂಡು ಮೆಲ್ಲಗೆ, "ಗಾಡಿ ಹಾಳಾಗುತ್ತೆ ಕಣ್ರೀ" ಎಂದಳು. ಎರಡು ವರ್ಷದ ಹಿಂದೆ ನಾನು ಅವಳಿಗೆ ಹೇಳಿದ್ದೂ ಅದೇ ಮಾತು. ವ್ಯತ್ಯಾಸವೆಂದರೆ, ಅವಳು ಹೇಳಿದ್ದು ನಿಜ.